ತೋಟ ಬಿಟ್ಟಾಗ ಪಿಎಫ್ ಏನು ಮಾಡಬೇಕು?

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ರೋಬಸ್ಟಾ ಕಾಫಿ ಕೊಯ್ಲು ಮುಗಿಯುತ್ತಿದ್ದ ಹಾಗೆ ತೋಟದ ಆಳುಗಳ ಲೈನ್ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ: ‘ಈ ತೋಟದ ಲೆಕ್ಕ ಮುಗಿಸಿ, ಪಿಎಫ್ ತಗೊಂಡು ಹೊರಡೋಣ.’ ಮಗಳ ಮದುವೆ, ಸೋರುವ ಮಾಡು, ಸಂಘದ ಸಾಲ. ಕಾರಣಕ್ಕೇನೂ ಬರವಿಲ್ಲ. ನಿಮ್ಮದೇ ದುಡ್ಡು, ತೆಗೆಯುವುದು ತಪ್ಪಲ್ಲ. ಆದರೆ ಇನ್ನೊಂದು ತೋಟಕ್ಕೋ ಹಾಸನದ ಗಾರ್ಮೆಂಟ್ಸಿಗೋ ಸೇರುವವರಿದ್ದರೆ ತೆಗೆಯಬೇಡಿ, ವರ್ಗಾಯಿಸಿ. ಯಾಕೆ, ಹೇಗೆ ಅನ್ನುವುದು ಮುಂದಿದೆ.

ಮೊದಲು ಬಟವಾಡೆ (ಸಂಬಳ) ಚೀಟಿ ನೋಡಿ

ದಿನಗೂಲಿ 450 ರೂಪಾಯಿ, ತಿಂಗಳಿಗೆ 26 ಹಾಜರಿ ಅಂದುಕೊಳ್ಳೋಣ. ಒಟ್ಟು 11,700. ಅದರಲ್ಲಿ ಶೇ 12, ಅಂದರೆ 1,404 ರೂಪಾಯಿ ನಿಮ್ಮ ಪಾಲು. ಮಾಲೀಕರೂ ಅಷ್ಟೇ ಹಾಕಬೇಕು. ಅವರು ಹಾಕುವ 1,404ರಲ್ಲಿ ಶೇ 8.33ರ ಲೆಕ್ಕದ ಸುಮಾರು 975 ರೂಪಾಯಿ ಪೆನ್ಷನ್ ಯೋಜನೆಗೆ ಹೋಗುತ್ತದೆ. ಉಳಿದ 429 ಮಾತ್ರ ನಿಮ್ಮ ಪಿಎಫ್ ಖಾತೆಗೆ. ‘ಮಾಲೀಕರು ಕಮ್ಮಿ ಹಾಕಿದ್ದಾರೆ’ ಅಂತ ಜಗಳಕ್ಕೆ ಹೋಗುವ ಮುಂಚೆ ಇದು ಗೊತ್ತಿರಲಿ. ಆದರೆ ಮಾಲೀಕರ ಪಾಲನ್ನೂ ನಿಮ್ಮ ಕೂಲಿಯಲ್ಲೇ ಹಿಡಿದಿದ್ದರೆ ಅದು ಕಾನೂನಿಗೆ ವಿರುದ್ಧ. ಆಗ ಜಗಳ ಮಾಡಬಹುದು.

20 ಮತ್ತು ಅದಕ್ಕಿಂತ ಜಾಸ್ತಿ ಆಳುಗಳಿರುವ ಕಡೆ ಪಿಎಫ್ ಕಡ್ಡಾಯ. ಕೆಲಸಕ್ಕೆ ಸೇರಿದ ದಿನದಿಂದಲೇ ಅನ್ವಯ. ಗುತ್ತಿಗೆ ಮೇಸ್ತ್ರಿ ಕರೆತಂದ ಆಳುಗಳ ಪಿಎಫ್ ಕಟ್ಟಿಸುವ ಹೊಣೆಯೂ ಕೊನೆಗೆ ತೋಟದ್ದೇ.

ನಂಬರ್ ಒಂದೇ ಇರಬೇಕು

ಪಿಎಫ್‌ಗೆ 12 ಅಂಕಿಯ ಯುಎಎನ್ ನಂಬರ್ ಇರುತ್ತದೆ. ಎಷ್ಟು ತೋಟ ಬದಲಾಯಿಸಿದರೂ ಅದು ಬದಲಾಗಬಾರದು. ಹೊಸ ತೋಟದ ರೈಟರ್ (ಗುಮಾಸ್ತ) ಆಧಾರ್ ಕೇಳುವಾಗಲೇ ಹಳೆಯ ಯುಎಎನ್ ಕೊಟ್ಟುಬಿಡಿ. ನಂಬರ್ ಮರೆತಿದ್ದರೆ ಹಳೆಯ ಬಟವಾಡೆ ಚೀಟಿಯಲ್ಲಿ ಹುಡುಕಿ. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತು ಮತ್ತು ಬಾಕಿ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಬರಲಿಲ್ಲ ಅಂದರೆ ಮೊಬೈಲೋ ಆಧಾರ್‌ ಇಲ್ಲವೇ ಪಾನ್‌ ಜೋಡಣೆಯೋ ಸರಿಯಿಲ್ಲ ಅಂತ ಅರ್ಥ.

ಹೆಸರು, ಹುಟ್ಟಿದ ದಿನಾಂಕ ಸರಿಮಾಡಿಸಿ

ನಮ್ಮ ಕಡೆ ಹೆಚ್ಚಿನ ಅರ್ಜಿಗಳು ತೊಡರುವುದು ಇಲ್ಲೇ. ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ‘ಲಕ್ಷ್ಮಿ’, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ಅಪ್ಪನ ಹೆಸರಿರಬೇಕಾದ ಜಾಗದಲ್ಲಿ ಗಂಡನ ಹೆಸರು. ಎರಡು ದಾಖಲೆ ಒಂದಕ್ಕೊಂದು ಹೊಂದದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ತಿದ್ದಲು ಆಧಾರನ್ನೇ ಆಧಾರವಾಗಿಟ್ಟುಕೊಳ್ಳಿ. ಆಧಾರ್ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಪಿಎಫ್. ಯುಎಎನ್ 2017ರ ಅಕ್ಟೋಬರ್ 1ರ ನಂತರದ್ದಾಗಿದ್ದು ಆಧಾರ್ ಜೋಡಣೆಯಾಗಿದ್ದರೆ, ಹೆಸರು, ಹುಟ್ಟಿದ ದಿನಾಂಕದಂಥವನ್ನು ಆನ್‌ಲೈನ್‌ನಲ್ಲಿ ನೀವೇ ತಿದ್ದಬಹುದು. ಅದಕ್ಕೂ ಹಳೆಯದಾದರೆ ತೋಟದ ಆಫೀಸಿನ ಒಪ್ಪಿಗೆ ಬೇಕು. ಹಾಗಾಗಿ ಅಲ್ಲಿ ಕೆಲಸದಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ. ಬಿಟ್ಟುಹೋದ ಮೇಲೆ ರೈಟರ್ ಫೋನ್ ಎತ್ತುವುದು ಅವರವರ ಒಳ್ಳೆತನ. ಕೆಲಸ ಬಿಟ್ಟ ದಿನಾಂಕವನ್ನು ತೋಟದವರು ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು.

ಇನ್ನು ವರ್ಗಾವಣೆ

ಪಿಎಫ್ ಪೋರ್ಟಲ್‌ಗೆ ಲಾಗಿನ್ ಆಗಿ, ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’ ಆಯ್ಕೆ ಒತ್ತಿ, ಹಳೆಯ ತೋಟದ ಖಾತೆ ತೋರಿಸಿ, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಅರ್ಜಿ ಹೋಗುತ್ತದೆ. ಇಷ್ಟೇ ಕೆಲಸ. ಹಣ ಬಂದ ಮೇಲೆ ಪಾಸ್‌ಬುಕ್‌ನ ಪೆನ್ಷನ್ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ. ಪೆನ್ಷನ್ ಲೆಕ್ಕಕ್ಕೆ ಹಣ ಬರುವುದಿಲ್ಲ, ವರ್ಷಗಳು ಬರುತ್ತವೆ.

ಆ ವರ್ಷಗಳೇ ಮುಖ್ಯ. ಪೆನ್ಷನ್‌ಗೆ ಹತ್ತು ವರ್ಷದ ಸೇವೆ ಬೇಕು, ಒಂದೇ ತೋಟದಲ್ಲಿ ಆಗಬೇಕು ಅಂತೇನಿಲ್ಲ. ಬಾಳೆಹೊನ್ನೂರಲ್ಲಿ ನಾಲ್ಕು, ಬೇಲೂರಲ್ಲಿ ಆರು ಸೇರಿದರೂ ಹತ್ತೇ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪೆನ್ಷನ್ ಸಿಗುತ್ತದೆ. ಸರಾಸರಿ 11,700 ಇದ್ದರೆ ಹತ್ತು ವರ್ಷಕ್ಕೆ 1,671 ರೂಪಾಯಿ, ಇಪ್ಪತ್ತು ವರ್ಷ ತುಂಬಿದರೆ ಎರಡು ವರ್ಷ ಬೋನಸ್ ಸೇರಿ 3,677. 58ಕ್ಕೆ ಶುರುವಾಗಿ ಬದುಕಿರುವವರೆಗೆ, ಆಮೇಲೆ ಹೆಂಡತಿಗೋ ಗಂಡನಿಗೋ ಒಂದು ಪಾಲು. ತೋಟ ಬಿಟ್ಟಾಗಲೆಲ್ಲ ಪೆನ್ಷನ್ ಹಣವನ್ನೂ ತೆಗೆದವರ ಲೆಕ್ಕ ಮತ್ತೆ ಮೊದಲಿನಿಂದ. ಹೀಗೆ ಮೂವತ್ತು ವರ್ಷ ದುಡಿದೂ ಪೆನ್ಷನ್ ಇಲ್ಲದೆ ಕೂರಬೇಕಾಗುತ್ತದೆ.

ಹಣ ಬೇಕೇ ಬೇಕು ಅಂದರೆ? ಸೈಬರ್ ಸೆಂಟರ್‌ನವರು ಫಾರಂ 19 ಮತ್ತು 10ಸಿ ಎರಡನ್ನೂ ಒಟ್ಟಿಗೆ ಹಾಕಿಬಿಡಬಹುದು, ಎದುರಿಗೆ ಕೂತು ನೋಡಿ. 19 ಪಿಎಫ್‌ಗೆ, 10ಸಿ ಪೆನ್ಷನ್‌ಗೆ. 19 ಮಾತ್ರ ಹಾಕಿಸಿ. 10ಸಿ ಹಾಕುವುದೇ ಆದರೆ ಅದರಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿದರೆ ಸೇವೆಯ ವರ್ಷ ಉಳಿಯುತ್ತದೆ.

ತೆರಿಗೆಯ ಕಾಟ

ಕಾಫಿ ಹಣ್ಣು ಮಾರುವ ಬೆಳೆಗಾರರದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಅದೇ ಗಿಡದ ಹಣ್ಣು ಕುಯ್ದವರ ಕೂಲಿ ಮಾತ್ರ ಸಂಬಳ! ಕೂಲಿ ತೆರಿಗೆ ಮಿತಿಯ ಹತ್ತಿರವೂ ಹೋಗುವುದಿಲ್ಲ ಬಿಡಿ. ಆದರೆ ಐದು ವರ್ಷ ತುಂಬುವ ಮುಂಚೆ 50,000ಕ್ಕಿಂತ ಜಾಸ್ತಿ ಪಿಎಫ್ ತೆಗೆದರೆ ಶೇ 10 ತೆರಿಗೆ ಮುರಿದುಕೊಳ್ಳುತ್ತಾರೆ. ಪಾನ್ ಇಲ್ಲದಿದ್ದರೆ ಶೇ 20. ಅಂದರೆ 60,000ಕ್ಕೆ 6,000 ಇಲ್ಲವೇ 12,000 ಹೋಯಿತು. ತೆರಿಗೆ ಬರುವಷ್ಟು ಆದಾಯವಿಲ್ಲ ಎಂಬ ಘೋಷಣೆಯನ್ನು ಅರ್ಜಿ ಜೊತೆಗೇ ಕೊಟ್ಟರೆ ಮುರಿಯುವುದಿಲ್ಲ. ಮುರಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ತೆರಿಗೆ ಕಟ್ಟುವವರ ಮನೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲ ಎಂಬ ನಿಯಮವಿದೆ ಅಲ್ವಾ, ಗಂಡ ಹೆಂಡತಿ ಇಬ್ಬರ ಪಾನ್‌ನಲ್ಲೂ ಸುಮ್ನೆ ಕಡಿತ ಬೀಳದ ಹಾಗೆ ನೋಡಿಕೊಳ್ಳುವುದು ಜಾಣತನ. ವರ್ಗಾಯಿಸಿದರೆ ಈ ಕಾಟವೇ ಇಲ್ಲ. ಹಳೆಯ ತೋಟದ ವರ್ಷಗಳೂ ಆ ಐದರ ಲೆಕ್ಕಕ್ಕೆ ಸೇರುತ್ತವೆ.

ಗ್ರಾಚ್ಯುಟಿ ಮಾತ್ರ ಹೀಗೆ ವರ್ಗಾವಣೆ ಆಗುವುದಿಲ್ಲ. ಒಂದೇ ತೋಟದಲ್ಲಿ ಸತತ ಐದು ವರ್ಷ, ವರ್ಷಕ್ಕೆ 240 ದಿನ ದುಡಿದಿದ್ದರೆ ವರ್ಷಕ್ಕೆ 15 ದಿನದ ಕೂಲಿ ಸಿಗಬೇಕು. 450 ರೂಪಾಯಿ ಕೂಲಿಗೆ ಹತ್ತು ವರ್ಷಕ್ಕೆ 67,500. ಇದನ್ನು ಹಳೆಯ ತೋಟದಲ್ಲೇ ಬರೆದು ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ಮುಂದಿನ ಬಟವಾಡೆಗೆ ನೋಡೋಣ’ ಅನ್ನುತ್ತಾರೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಆನ್‌ಲೈನ್ ಬಗೆಹರಿಯದಿದ್ದರೆ ಚಿಕ್ಕಮಗಳೂರಿನಲ್ಲೇ ಪಿಎಫ್ ಪ್ರಾದೇಶಿಕ ಕಚೇರಿ ಇದೆ. ಪ್ರತಿ ತಿಂಗಳು 27ರಂದು ಜಿಲ್ಲೆ ಜಿಲ್ಲೆಯಲ್ಲೂ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಬಟವಾಡೆ ಚೀಟಿ ಮತ್ತು ಒಟಿಪಿ ಬರುವ ಮೊಬೈಲು ಕೈಯಲ್ಲಿರಲಿ. ನಾಮಿನಿ ಹೆಸರು ಸೇರಿಸದಿದ್ದರೆ ಅದನ್ನೂ ಅಲ್ಲೇ ಕೇಳಿ ಮಾಡಿಸಿ. ಆ ಮೊಬೈಲು ಮಗನ ಹತ್ತಿರ ಬೆಂಗಳೂರಲ್ಲಿದ್ದರೆ, ಶಿಬಿರಕ್ಕೆ ಹೊರಡುವ ಮುಂಚೆ ಅವನಿಗೊಂದು ಮಾತು ಹೇಳಿರಿ.