ರಂಗಸಜ್ಜಿಕೆಯ ಗೆಳೆಯನೊಡನೆ ಡಿಸ್ನಿಲ್ಯಾಂಡ್‌ನಲ್ಲಿ ಒಂದು ದಿನ

ಮೈಸೂರಿನಿಂದ ಬಂದಿದ್ದ ಗೆಳೆಯನನ್ನು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ಗೆ ಕರೆದೊಯ್ಯುವುದೆಂದು ನಿಶ್ಚಯವಾದಾಗ, ಅಲ್ಲಿ ಯಾವುದನ್ನು ಬಿಡಬೇಕೆಂಬುದನ್ನೇ ನಾನು ಮೊದಲು ಯೋಚಿಸಿದೆ. ಇರುವುದನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಲು ಹೊರಟವರು ದಿನದ ಬಹುಪಾಲನ್ನು ಸರದಿಯಲ್ಲಿ ನಿಂತೇ ಕಳೆಯುತ್ತಾರೆ. ಗೆಳೆಯ ಹವ್ಯಾಸಿ ನಾಟಕ ತಂಡವೊಂದಕ್ಕೆ ರಂಗಸಜ್ಜಿಕೆ ಮಾಡುವವನು. ವೇಗದ ಆಟಗಳೆಂದರೆ ಅವನಿಗೆ ಆಗಿಬರುವುದಿಲ್ಲ. ಆದ್ದರಿಂದ 1955ರ ಜುಲೈ 17ರಂದು ಆರಂಭವಾದ ಈ ಉದ್ಯಾನದಲ್ಲಿ, ವಾಲ್ಟ್ ಡಿಸ್ನಿಯ ಕಾಲದಲ್ಲಿ ಕಟ್ಟಿದ ಅಥವಾ ಆತ ಬದುಕಿದ್ದಾಗಲೇ ರೂಪುಗೊಂಡ ಹಳೆಯ ಆಟಗಳಿಗಷ್ಟೇ ದಿನವನ್ನು ಮೀಸಲಿಟ್ಟೆವು.

ಟಿಕೆಟ್ಟಿನ ಬೆಲೆ ದಿನದಿಂದ ದಿನಕ್ಕೆ ಬದಲಾಗುವುದರಿಂದ ಫೆಬ್ರವರಿಯ ಒಂದು ವಾರದ ನಡುವಿನ ದಿನವನ್ನು ಆರಿಸಿಕೊಂಡೆವು. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಶರತ್ಕಾಲದಿಂದ ಹೊಸ ವರ್ಷದ ಮೊದಲ ದಿನಗಳವರೆಗೆ ಕೆಲವು ಹಳೆಯ ಆಟಗಳಿಗೆ ಹಬ್ಬದ ಅಲಂಕಾರ ತೊಡಿಸಿರುತ್ತಾರೆ. ಆಗ ಅವುಗಳ ಮೂಲರೂಪ ನೋಡಸಿಗುವುದಿಲ್ಲ. ಹೆಚ್ಚುವರಿ ಹಣ ತೆತ್ತು ಸರದಿಯನ್ನು ತಪ್ಪಿಸಿಕೊಳ್ಳುವ ಲೈಟ್ನಿಂಗ್ ಲೇನ್ ಸೌಲಭ್ಯವನ್ನು ನಾವು ಕೊಳ್ಳಲಿಲ್ಲ. ನಮ್ಮ ಪಟ್ಟಿಗೆ ಅದರ ಅಗತ್ಯವಿರಲಿಲ್ಲ.

ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆವು. ಒಳಹೊಕ್ಕೊಡನೆ ಎದುರಾಗುವ ಮೇನ್ ಸ್ಟ್ರೀಟ್‌ನ ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಕೆಳಗಿನದಕ್ಕಿಂತ ಚಿಕ್ಕ ಅಳತೆಯಲ್ಲಿ ಕಟ್ಟಿರುವುದರಿಂದ ಅವು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಬೀದಿಯ ತುದಿಯ ಕೋಟೆಯ ಎತ್ತರ ಕೇವಲ 77 ಅಡಿ. ಮೇಲೆ ಹೋದಂತೆ ಅದರ ಕಲ್ಲುಗಳೂ ಕಿರಿದಾಗುತ್ತವೆ. “ನಮ್ಮ ಕಂಪನಿ ನಾಟಕದವರು ಬೀದಿ ಪರದೆಯ ಮೇಲೆ ಬರೆಸುತ್ತಿದ್ದುದನ್ನು ಇವರು ಇಟ್ಟಿಗೆ ಗಾರೆಯಲ್ಲೇ ಕಟ್ಟಿಬಿಟ್ಟಿದ್ದಾರಲ್ಲೋ” ಎಂದು ಗೆಳೆಯ ಅಲ್ಲೇ ನಿಂತುಬಿಟ್ಟ. ಅವನನ್ನು ಎಳೆದುಕೊಂಡು ಪೀಟರ್ ಪ್ಯಾನ್ಸ್ ಫ್ಲೈಟ್‌ಗೆ ನಡೆಯಬೇಕಾಯಿತು, ಏಕೆಂದರೆ ಬೆಳಗ್ಗೆ ಮೊದಲು ಹತ್ತಬೇಕಾದದ್ದು ಅದನ್ನೇ. ಮಾಡಿನ ಹಳಿಗೆ ತೂಗುಬಿಟ್ಟ ಅದರ ಪುಟ್ಟ ಹಡಗುಗಳಲ್ಲಿ ಇಬ್ಬರು ಮೂವರಷ್ಟೇ ಕೂರಬಹುದಾದ್ದರಿಂದ ಸರದಿ ಇಡೀ ದಿನ ಕರಗುವುದೇ ಇಲ್ಲ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ಸಿದ್ಧಪಡಿಸಿ 1966ರಲ್ಲಿ ಇಲ್ಲಿ ನೆಲೆಗೊಳಿಸಿದ ಇಟ್ಸ್ ಎ ಸ್ಮಾಲ್ ವರ್ಲ್ಡ್‌ನ ಸ್ಥಿತಿ ಇದಕ್ಕೆ ತದ್ವಿರುದ್ಧ. ದೊಡ್ಡ ದೋಣಿಗಳು ಒಂದರ ಹಿಂದೊಂದು ಬರುತ್ತಲೇ ಇರುವುದರಿಂದ ಸಾಲು ಎಷ್ಟೇ ಉದ್ದವಿದ್ದರೂ ಬೇಗ ಸಾಗುತ್ತದೆ. ಸಾಲಿನ ಉದ್ದಕ್ಕಿಂತ ಅದರ ಚಲನೆಯನ್ನು ನೋಡಿ ನಿರ್ಧರಿಸಿದ್ದೇ ನಮಗೆ ಅನುಕೂಲವಾಯಿತು.

ಹಾಂಟೆಡ್ ಮ್ಯಾನ್ಷನ್ ಎಂಬ ಭೂತದ ಮನೆಗೆ ಹೆಚ್ಚು ಹೊತ್ತು ಕೊಟ್ಟೆವು. ಇದು ಸಾರ್ವಜನಿಕರಿಗೆ ತೆರೆದದ್ದು 1969ರಲ್ಲಿ, ಡಿಸ್ನಿ ತೀರಿಕೊಂಡ ಮೇಲೆ. ಮೊದಲು ಜನರನ್ನು ಎಂಟು ಮೂಲೆಯ ಕೋಣೆಯೊಂದರಲ್ಲಿ ನಿಲ್ಲಿಸಿ ಬಾಗಿಲು ಮುಚ್ಚುತ್ತಾರೆ. ಗೋಡೆಗಳೂ ಅವುಗಳ ಮೇಲಿನ ಚಿತ್ರಗಳೂ ಕಣ್ಣೆದುರೇ ಉದ್ದವಾಗುತ್ತಾ ಹೋಗುತ್ತವೆ. ವಾಸ್ತವದಲ್ಲಿ ಅದೊಂದು ಲಿಫ್ಟ್. ಉದ್ಯಾನವನ್ನು ಸುತ್ತುವರಿದ ರೈಲುಹಳಿಯ ದಿಬ್ಬದ ಆಚೆಗಿರುವ ದೊಡ್ಡ ಕಟ್ಟಡಕ್ಕೆ ಜನರನ್ನು ಹಳಿಯ ಅಡಿಯಿಂದ ನಡೆಸಿಕೊಂಡು ಹೋಗಬೇಕಾದ ತಾಂತ್ರಿಕ ತೊಡಕನ್ನೇ ಅವರು ದೃಶ್ಯವನ್ನಾಗಿ ಮಾಡಿಕೊಂಡಿದ್ದಾರೆ. ಮುಂದೆ ನಿಲ್ಲದೆ ಚಲಿಸುವ ಆಸನಗಳ ಸರಪಳಿಯಲ್ಲಿ ಕುಳಿತು ಹೋಗುವಾಗ, ಎಡೆಯಲ್ಲೊಂದು ವಿಶಾಲ ಸಭಾಂಗಣದಲ್ಲಿ ಪಾರದರ್ಶಕ ದೆವ್ವಗಳು ಜೋಡಿಜೋಡಿಯಾಗಿ ನರ್ತಿಸುವುದು ಕೆಳಗೆ ಕಾಣುತ್ತದೆ. ಇದು 1860ರ ದಶಕದಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಹೆಸರಾದ ‘ಪೆಪ್ಪರ್ಸ್ ಗೋಸ್ಟ್’ ತಂತ್ರ. ನೋಡುಗರಿಗೂ ಸಭಾಂಗಣಕ್ಕೂ ನಡುವೆ ಬೃಹತ್ತಾದ ಗಾಜಿದೆ. ಗೊಂಬೆಗಳು ನಮ್ಮ ದಾರಿಯ ಮೇಲೂ ಕೆಳಗೂ ಕತ್ತಲಲ್ಲಿ ಅಡಗಿವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಪ್ರತಿಬಿಂಬವಷ್ಟೇ ನಮಗೆ ಕಾಣುತ್ತದೆ. ಪ್ರತಿಬಿಂಬದಲ್ಲಿ ಎಡ ಬಲವಾಗುವುದರಿಂದ ಕುಣಿತದಲ್ಲಿ ಗಂಡಸಿನ ಬದಲು ಹೆಂಗಸೇ ಮುಂದಾಳಾಗಿರುವಂತೆ ತೋರುತ್ತದೆ. ಗೆಳೆಯ ದೆವ್ವಗಳನ್ನು ಬಿಟ್ಟು ಗಾಜಿನ ಅಂಚನ್ನು ಹುಡುಕುತ್ತಿದ್ದ. ಅದು ಸಿಕ್ಕಲಿಲ್ಲವಾದ್ದರಿಂದ ಮತ್ತೆ ಸರದಿಯಲ್ಲಿ ನಿಂತೆವು; ಎರಡನೆಯ ಸಲವೂ ಸಿಕ್ಕಲಿಲ್ಲ.

ಹೊರಗಿನ ಆಹಾರ ತರಲು ಇಲ್ಲಿ ಅವಕಾಶವಿರುವುದು ಸಸ್ಯಾಹಾರಿಗಳಿಗೆ ದೊಡ್ಡ ನೆಮ್ಮದಿ. ಗಾಜಿನ ಪಾತ್ರೆ ಮಾತ್ರ ಕೂಡದು. ಪುಳಿಯೋಗರೆ, ಚಪಾತಿ ತಿಂದು ಮುಗಿಸಿ, 1963ರ ಎನ್‌ಚಾಂಟೆಡ್ ಟಿಕಿ ರೂಮ್‌ನಲ್ಲಿ ಯಂತ್ರದ ಹಕ್ಕಿಗಳ ಹಾಡು ಕೇಳುತ್ತಾ ಬಿಸಿಲಿನ ಹೊತ್ತನ್ನು ಕಳೆದೆವು. ಧ್ವನಿಗೆ ತಕ್ಕಂತೆ ಕೊಕ್ಕು, ರೆಕ್ಕೆ ಆಡಿಸುವ ಈ ತಂತ್ರವನ್ನು ಡಿಸ್ನಿಯವರು ಆಟವೊಂದಕ್ಕೆ ಪೂರ್ಣವಾಗಿ ಬಳಸಿದ್ದು ಇಲ್ಲಿಯೇ ಮೊದಲು. ಕಥೆ ತೆಳುವಾದರೂ ಕುಳಿತುಕೊಳ್ಳಲು ಜಾಗವಿದೆ, ತಂಪಾಗಿದೆ.

ಮ್ಯಾಟರ್‌ಹಾರ್ನ್ ಅನ್ನು ನಾನೊಬ್ಬನೇ ಹತ್ತಿದೆ. 1959ರಲ್ಲಿ ಕಟ್ಟಿದ ಇದು ಕೊಳವೆಯಾಕಾರದ ಉಕ್ಕಿನ ಹಳಿ ಬಳಸಿದ ಮೊದಲ ರೋಲರ್ ಕೋಸ್ಟರ್. ಒಂಟಿಯಾಗಿ ಬರುವವರಿಗೆ ಪ್ರತ್ಯೇಕ ಸರದಿಯಿದ್ದು, ಖಾಲಿ ಉಳಿದ ಆಸನಕ್ಕೆ ಅವರನ್ನು ಕಳಿಸುತ್ತಾರೆ. ಮೈ ಕುಲುಕಾಟ ಹೆಚ್ಚು. ಬೆನ್ನುನೋವಿದ್ದವರಿಗೆ ಇದು ಬೇಡ.

ಕೊನೆಗೆ ಪೈರೇಟ್ಸ್ ಆಫ್ ದಿ ಕೆರಿಬಿಯನ್. 1967ರಲ್ಲಿ ತೆರೆದ ಇದರ ದೋಣಿಗಳೂ ಎರಡು ಜಾರುಗಳನ್ನಿಳಿದು ರೈಲುಹಳಿಯ ಅಡಿಯಿಂದಲೇ ಆಚೆಗೆ ಹೋಗುತ್ತವೆ. ಬೆಳಗಿನಿಂದ ದಣಿದಿದ್ದ ಗೆಳೆಯ ಇಲ್ಲಿ ಚುರುಕಾಗಿ, ಹಳಿ ನಮ್ಮ ತಲೆಯ ಮೇಲೆ ಎಲ್ಲಿರಬಹುದೆಂದು ಲೆಕ್ಕ ಹಾಕತೊಡಗಿದ. ಮುಚ್ಚುವ ವೇಳೆಗೆ ಮೊದಲು ಸಾಲಿಗೆ ಸೇರಿದವರನ್ನು ಹತ್ತಿಸಿಯೇ ಕಳಿಸುವುದರಿಂದ, ಕೊನೆಯ ಗಳಿಗೆಗೆ ಇದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಮೇನ್ ಸ್ಟ್ರೀಟ್‌ನ ಅಂಗಡಿಗಳು ಆಮೇಲೂ ತುಸು ಹೊತ್ತು ತೆರೆದಿರುತ್ತವೆ. ಮನೆಯವರಿಗೆ ಕೊಳ್ಳಬೇಕಾದದ್ದನ್ನು ಗೆಳೆಯ ಆಗಲೇ ಕೊಂಡ.