ಹೊರಡುವ ದಿನ ಗಿಡಕ್ಕೆ ನೀರು ಬೇಡ

ಕೋಲಾರದ ಕಡೆ ಮನೆ ಬದಲಾಯಿಸುವವರು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳನ್ನೇ ಆರಿಸಿಕೊಳ್ಳುತ್ತಾರೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಆಷಾಢ ಕಾಲಿಡುವ ಮೊದಲೇ ಹಾಲು ಉಕ್ಕಿಸಿಬಿಡಬೇಕೆಂಬ ಆತುರವೂ ಇರುತ್ತದೆ. ಕುಂಡದ ಗಿಡಗಳನ್ನು ಸಾಗಿಸಲು ಇದು ಒಳ್ಳೆಯ ಕಾಲವಲ್ಲ. ಆದರೂ ಅವು ಕೆಡುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಹೊರಡುವ ಬೆಳಿಗ್ಗೆ, ದಾರಿಯಲ್ಲಿ ಬಾಡೀತೆಂಬ ಕಾಳಜಿಯಿಂದ ಕುಂಡ ತುಂಬ ಸುರಿಯುವ ನೀರೂ ಅಷ್ಟೇ ಹಾನಿ ಮಾಡುತ್ತದೆ.

ಹದಿನೈದು ದಿನ ಮುಂಚೆಯೇ ಒಣಗಿದ ಎಲೆಗಳನ್ನು ತೆಗೆದು, ಎಲೆಯ ಅಡಿಯಲ್ಲಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಿಕೊಳ್ಳಿ. ಹೊಸ ಮನೆಗೆ ಹೊಸ ಕುಂಡವೆಂದು ಈಗ ಕುಂಡ ಬದಲಿಸಬೇಡಿ.

ನೀರು ಹಾಕಬೇಕಾದದ್ದು ಹೊರಡುವ ಎರಡು ದಿನ ಮೊದಲು, ಸಂಜೆ, ತಳದ ತೂತಿನಿಂದ ಹರಿದು ಬರುವಷ್ಟು. ಆಮೇಲೆ ನಿಲ್ಲಿಸಿಬಿಡಿ. ಹೊರಡುವ ದಿನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿದರೆ ತಂಪು ತಾಗಬೇಕು, ಕೆಸರು ಅಂಟಬಾರದು. ನಮ್ಮ ಕೆಂಪು ಮಣ್ಣು ನೆನೆದರೆ ಬಹಳ ಭಾರವಾಗುತ್ತದೆ. ಪ್ರತಿ ರಸ್ತೆ ಹಂಪಿನಲ್ಲೂ ಆ ಹಸಿ ಮುದ್ದೆ ಕುಸಿದು, ಎಳೆ ಬೇರುಗಳನ್ನು ಹರಿದುಕೊಂಡು ಕುಂಡದ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಮೇಲೆ ಹಸಿರಾಗಿಯೇ ಕಾಣುವ ಗಿಡ ವಾರದ ಬಳಿಕ ಇದ್ದಕ್ಕಿದ್ದಂತೆ ಸೊರಗುವುದು ಇದರಿಂದಲೇ. ಪುಟ್ಟ ಕುಂಡಗಳು ಬೇಗ ಒಣಗುವುದರಿಂದ ಅವಕ್ಕೆ ಮಾತ್ರ ಅರ್ಧ ಲೋಟ ನೀರು ಕೊಡಬಹುದು.

ಇನ್ನು ಕಟ್ಟುವ ಕೆಲಸ. ರಟ್ಟಿನ ಪೆಟ್ಟಿಗೆ ತೇವಕ್ಕೆ ತಳ ಕಳಚಿಕೊಳ್ಳುತ್ತದೆ, ಆದ್ದರಿಂದ ಅದನ್ನು ಮರೆತುಬಿಡಿ. ಟೊಮೆಟೊ ಮಂಡಿಯಿರುವ ಊರಿನಲ್ಲಿ ಪ್ಲಾಸ್ಟಿಕ್ ಕ್ರೇಟುಗಳಿಗೆ ಬರವಿಲ್ಲ. ನಾಲ್ಕಾರು ಕ್ರೇಟು ಕೇಳಿ ತಂದು, ಕೊಳೆತ ಹಣ್ಣಿನ ರಸ ಹೋಗುವಂತೆ ಸೋಪುನೀರಿನಲ್ಲಿ ತೊಳೆದುಕೊಳ್ಳಿ. ಕಾಂಡದ ಸುತ್ತ ಹಳೆಯ ಬನಿಯನ್ ಬಟ್ಟೆಯನ್ನು ಹರಡಿ, ಮಣ್ಣು ಚೆಲ್ಲದಂತೆ ಕುಂಡದ ಕಂಠಕ್ಕೆ ಬಿಗಿಯಿರಿ. ಕುಂಡಗಳನ್ನು ಕ್ರೇಟಿನಲ್ಲಿ ಒತ್ತೊತ್ತಾಗಿ ಇಟ್ಟು, ಸಂದುಗಳಿಗೆ ರಾಗಿ ಹುಲ್ಲನ್ನು ತುರುಕುತ್ತ ಹೋಗಿ. ಕ್ರೇಟನ್ನು ಅಲುಗಿಸಿದಾಗ ಒಂದು ಕುಂಡವೂ ಕದಲಬಾರದು. ಎಲೆಗಳನ್ನು ಮೇಲಕ್ಕೆ ಕೂಡಿಸಿ ಹಳೆಯ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು, ಏಕೆಂದರೆ ಪ್ಲಾಸ್ಟಿಕ್ ದಾರ ಎಳೆಯ ತೊಟ್ಟುಗಳನ್ನು ಕೊಯ್ದುಬಿಡುತ್ತದೆ. ಮನಿ ಪ್ಲಾಂಟನ್ನು ಅದು ಹಬ್ಬಿದ ಕೋಲಿನಿಂದ ಬಿಡಿಸುವ ಸಾಹಸ ಬೇಡ, ಕೋಲಿನ ಸಮೇತ ಒಯ್ಯಿರಿ. ಸಾಮಾನು ಕಟ್ಟುವ ಹುಡುಗರು ಸೋಫಾಕ್ಕೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನೇ ಗಿಡಕ್ಕೂ ಸುತ್ತಲು ಮುಂದಾಗುತ್ತಾರೆ. ಬಿಸಿಲು ಬಿದ್ದರೆ ಅದರೊಳಗೆ ಎಲೆ ಬೆಂದೇ ಹೋಗುತ್ತದೆ, ಖಡಾಖಂಡಿತವಾಗಿ ಬೇಡವೆನ್ನಿ.

ಬಂಗಾರಪೇಟೆಯಷ್ಟು ಹತ್ತಿರಕ್ಕಾದರೆ ಲಗೇಜ್ ಆಟೊ ಸಾಕು. ಬೆಂಗಳೂರಿನವರೆಗೆ ಹೆದ್ದಾರಿಯಲ್ಲಿ ತೆರೆದ ಗಾಡಿ ಓಡಿದರೆ ಗಾಳಿಯೇ ಎಲೆಯ ತೇವವನ್ನೆಲ್ಲ ಹೀರುತ್ತದೆ, ಹಾಗಾಗಿ ಕ್ರೇಟುಗಳನ್ನು ಕ್ಯಾಬಿನ್ನಿನ ಹಿಂಬದಿಗೆ ಒತ್ತಿಟ್ಟು ಮೇಲೆ ತೆಳು ಪಂಚೆ ಹೊದಿಸಿ, ಬಿಸಿಲೇರುವ ಮೊದಲೇ ಹೊರಡಬೇಕು. ಕಾರಿನ ಹಿಂದಿನ ಸೀಟು ಎಲ್ಲಕ್ಕಿಂತ ಮೇಲು. ಆದರೆ ಗಾಜು ಏರಿಸಿದ ಕಾರನ್ನು ಬಿಸಿಲಿಗೆ ನಿಲ್ಲಿಸಿ ತಿಂಡಿಗೆ ಹೋಗುವಂತಿಲ್ಲ. ಸಾಧ್ಯವಿದ್ದರೆ ಹಾಲು ಉಕ್ಕಿಸುವ ದಿನವೇ, ಮನೆ ಖಾಲಿಯಿರುವಾಗ, ಗಿಡಗಳನ್ನು ಸಾಗಿಸಿಬಿಡುವುದು ಜಾಣತನ. ಕೊನೆಯ ಗಾಡಿಗೆ ಉಳಿದ ಗಿಡಗಳು ಮಂಚದ ಕಾಲಿನಡಿ ಸಿಕ್ಕಿ ಮುರಿಯುತ್ತವೆ.

ತಲುಪಿದ ಕೂಡಲೇ ಕಟ್ಟು ಬಿಚ್ಚಿ ನೆರಳಿನಲ್ಲಿಡಿ. ಮಣ್ಣು ಒಣಗಿದ್ದರೆ ಮಾತ್ರ ನೀರು. ಫೈಕಸ್ ಮತ್ತು ಕ್ರೋಟನ್ ಬೆಳಕು ಬದಲಾದರೆ ಎಲೆ ಉದುರಿಸುತ್ತವೆ, ಗಾಬರಿ ಬೇಡ. ತುಳಸಿಗೆ ಬಿಸಿಲು ಬೇಕೇ ಬೇಕು, ಆದರೂ ಮೊದಲ ಕೆಲವು ದಿನ ಬೆಳಗಿನ ಬಿಸಿಲಷ್ಟೇ ಸಾಕು. ಗಿಡದ ಶಾಕ್ ಬಿಡಿಸುತ್ತದೆಂದು ನರ್ಸರಿಯಲ್ಲಿ ಮಾರುವ ಟಾನಿಕ್ ಬಾಟಲಿಗೆ ದುಡ್ಡು ಸುರಿಯಬೇಡಿ, ಹೊಸ ಚಿಗುರು ಕಾಣುವವರೆಗೆ ಗೊಬ್ಬರವನ್ನೂ ಹಾಕಬೇಡಿ. ಹೊಸ ಮನೆಯ ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಅಂಥ ಮನೆಯಲ್ಲಿ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಹಾಕುವುದು ಇನ್ನೂ ಕೆಟ್ಟದ್ದು, ಏಕೆಂದರೆ ಕುಡಿಯುವ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಸೇರಿರುವುದು ಅದರಲ್ಲೇ. ಅದನ್ನು ಅಂಗಳ ತೊಳೆಯಲು ಬಳಸಿ, ಗಿಡಗಳಿಗೆ ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳಿ.