ಎಸ್ಕಂಬ್ ಚರ್ಚಿನ ಗೋಡೆಯಲ್ಲಿ ರೋಮನ್ ಕಲ್ಲು ಹುಡುಕಿದ ಬಗೆ

ಹಳೆ ಗೋಡೆಗಳನ್ನು ಕಲ್ಲು ಕಲ್ಲಾಗಿ ಅಳೆದು ಚಿತ್ರ ಬರೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇಂಗ್ಲೆಂಡಿನ ಡರಂ ಕೌಂಟಿಯ ಎಸ್ಕಂಬ್ ಚರ್ಚ್. ಕಟ್ಟಿದ್ದು ಸುಮಾರು ಕ್ರಿ.ಶ. 675ರಲ್ಲಿ. ಚಿಕ್ಕ ಕಟ್ಟಡ, ಆದರೆ ಅದರ ಅಗಲಕ್ಕೆ ಗೋಡೆ ತುಂಬಾ ಎತ್ತರ. ಕಲ್ಲು ಬಂದದ್ದು ಕೆಲವೇ ಕಿಲೋಮೀಟರ್ ದೂರದ ಬಿಂಚೆಸ್ಟರ್ ರೋಮನ್ ಕೋಟೆಯಿಂದ. ರೋಮನ್ ಸೈನ್ಯ ಹೋಗಿ ಎರಡೂವರೆ ಶತಮಾನ ಕಳೆದಿತ್ತು. ಪಾಳುಬಿದ್ದ ಕೋಟೆಯಲ್ಲಿ ತಿದ್ದಿದ ಸೈಜು ಕಲ್ಲಿಗೆ ಕೊರತೆ ಇರಲಿಲ್ಲ.

ಕಲ್ಲನ್ನು ಗುರುತಿಸಲು ನಾನು ಮೊದಲು ನೋಡುವುದು ಉಳಿ ಗುರುತು. ರೋಮನ್ ಕೆಲಸಗಾರರು ಕೆಲವು ಕಲ್ಲುಗಳ ಮುಖದ ಮೇಲೆ ಅಡ್ಡಡ್ಡ ಗೆರೆ ಎಳೆದು ವಜ್ರದಾಕಾರದ ಬಲೆ ಮೂಡಿಸುತ್ತಿದ್ದರು. ಎಸ್ಕಂಬ್‌ನಲ್ಲಿ ಅದು ಹಲವು ಕಡೆ ಇದೆ. ನೇರ ಬೆಳಕಲ್ಲಿ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ಒತ್ತಿ, ಪಕ್ಕದಿಂದ ಬೆಳಕು ಹಾಯಿಸಿದರೆ ಗೆರೆಗಳು ಎದ್ದು ಬರುತ್ತವೆ. ಬಿಸಿಲು ಸರಿಯಾಗಿ ಬೀಳದ ಉತ್ತರದ ಗೋಡೆಗೆ ಇದೇ ದಾರಿ. ಪಾಚಿ ಉಜ್ಜಬಾರದು, ಸೀಮೆಸುಣ್ಣ ಹಚ್ಚಬಾರದು. ಎಷ್ಟೋ ಜನ ಅಕ್ಷರ ಸ್ಪಷ್ಟವಾಗಲಿ ಅಂತ ಹಾಗೆ ಮಾಡಿ ಕಲ್ಲಿನ ಮುಖವನ್ನೇ ಹಾಳು ಮಾಡುತ್ತಾರೆ.

ಆ ಉತ್ತರದ ಗೋಡೆಯಲ್ಲೇ ರೋಮನ್ನರ ಆರನೇ ಲೀಜನ್ನಿನ, ಅಂದರೆ ದೊಡ್ಡ ಸೈನ್ಯದಳದ, ಗುರುತಿರುವ ಕಲ್ಲಿದೆ. ಅಕ್ಷರಗಳು ತಲೆಕೆಳಗು. ಇದನ್ನು ನೋಡಿ ಕಟ್ಟಿದವರಿಗೆ ಓದಲು ಬರುತ್ತಿರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋಡೆ ಕಟ್ಟುವವನಿಗೆ ಬೇಕಾದದ್ದು ಕಲ್ಲು ಅಲುಗಾಡದೆ ಕೂರುವುದು, ಅಲ್ವಾ? ಯಾವ ಮಗ್ಗುಲು ಸಮವೋ ಅದು ಕೆಳಗೆ.

ಅವರು ಸುಮ್ನೆ ಸಿಕ್ಕಿದ್ದನ್ನು ಪೇರಿಸಲಿಲ್ಲ ಎಂಬುದು ಮೂಲೆಗಳಲ್ಲಿ ಗೊತ್ತಾಗುತ್ತದೆ. ದೊಡ್ಡ ಕಲ್ಲುಗಳನ್ನು ಅಲ್ಲಿಗೇ ಎತ್ತಿಟ್ಟಿದ್ದಾರೆ. ಒಳಗಿನ ಕಮಾನಿನ ಎರಡೂ ಬದಿಯಲ್ಲಿ ಒಂದು ಕಲ್ಲು ನಿಲ್ಲಿಸಿ, ಮೇಲೊಂದು ಮಲಗಿಸಿ, ಮತ್ತೆ ನಿಲ್ಲಿಸಿ ಕಟ್ಟಿದ್ದಾರೆ. ಮಲಗಿದ ಕಲ್ಲು ಗೋಡೆಯೊಳಗೆ ಹೋಗಿ ನಿಂತ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಕಮಾನು ಮಾತ್ರ ಪೂರ್ತಿಯಾಗಿ ಕೋಟೆಯಿಂದ ಬಿಚ್ಚಿ ತಂದು ಮರುಜೋಡಿಸಿದ್ದಿರಬಹುದು ಎಂದು ಬಹಳ ಮಂದಿ ನಂಬುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಕಲ್ಲಿನ ಕಟ್ಟಡವೇ ಆ ಸೀಮೆಯಲ್ಲಿ ಅಪರೂಪವಾಗಿದ್ದ ಕಾಲ ಅದು. 674ರಲ್ಲಿ ಶುರುವಾದ ಮಂಕ್‌ವೇರ್‌ಮತ್ ಮಠಕ್ಕೆ ಅದರ ಸ್ಥಾಪಕ ಬೆನೆಡಿಕ್ಟ್ ಬಿಸ್ಕಪ್ ಕಲ್ಲುಕುಟಿಗರನ್ನು ಗಾಲ್ ದೇಶದಿಂದ (ಇಂದಿನ ಫ್ರಾನ್ಸ್) ಕರೆಸಬೇಕಾಯಿತು. ಸಿದ್ಧ ಕಮಾನೊಂದು ಹತ್ತಿರದಲ್ಲೇ ಸಿಕ್ಕರೆ ಯಾರು ಬಿಡುತ್ತಾರೆ?

ಚಿತ್ರ ಬರೆಯುವಾಗ ನಾನು ಪ್ರತಿ ಕಲ್ಲಿಗೂ ಎರಡು ಗುರುತು ಹಾಕುತ್ತೇನೆ. ಒಂದು ರೋಮನ್ನರ ಕೈಯಲ್ಲಿ ಅದಕ್ಕಿದ್ದ ಕೆಲಸ, ಇನ್ನೊಂದು ಚರ್ಚಿನಲ್ಲಿ ಅದರ ಕೆಲಸ. ಸುಳಿವಿಲ್ಲದ ಕಲ್ಲಿಗೆ ಮೊದಲನೆಯ ಗುರುತು ಖಾಲಿ. ಊಹೆ ಬರೆಯುವುದಕ್ಕಿಂತ ಖಾಲಿ ಬಿಡುವುದು ಒಳ್ಳೆಯದು.

ಇದೇ ಕ್ರಮವನ್ನು ಉತ್ತರ ಇಂಗ್ಲೆಂಡಿನ ಹೆಕ್ಸಂ ಊರಿನಲ್ಲೂ ಅನುಸರಿಸಿದೆ. ಅಲ್ಲಿ ಬಿಷಪ್ ವಿಲ್‌ಫ್ರಿಡ್ 674ರ ಸುಮಾರಿಗೆ ಕಟ್ಟಿಸಿದ ಚರ್ಚಿನ ನೆಲಮಾಳಿಗೆ ಹಾಗೇ ಉಳಿದಿದೆ. ಕಲ್ಲು ಹತ್ತಿರದ ರೋಮನ್ ಪಟ್ಟಣ ಕೋರ್‌ಬ್ರಿಜ್‌ನದು. ಒಂದು ಶಾಸನದಲ್ಲಿ ಚಕ್ರವರ್ತಿ ಸೆವೆರಸ್ ಮತ್ತು ಅವನ ಮಕ್ಕಳ ಹೆಸರಿದೆ. ಕಿರಿಯ ಮಗ ಗೇಟನ ಹೆಸರನ್ನು ಕೆತ್ತಿ ಅಳಿಸಿದ್ದಾರೆ. 211ರಲ್ಲಿ ಅವನನ್ನು ಅಣ್ಣ ಕಾರಕಲ್ಲ ಕೊಲ್ಲಿಸಿದ ಮೇಲೆ ಸಾಮ್ರಾಜ್ಯದ ತುಂಬೆಲ್ಲ ಹೀಗೇ ಮಾಡಿದರು. ಬೇರೆ ಕಲ್ಲುಗಳಲ್ಲಿ ಎಲೆ, ಹಣ್ಣುಗಳ ಚೆಂದದ ಕೆತ್ತನೆ ಇದೆ. ನೋಡಿದವರು ಅಲಂಕಾರಕ್ಕೆ ಇಟ್ಟಿದ್ದೆಂದು ತಿಳಿಯುತ್ತಾರೆ. ಆದರೆ ಗೋಡೆಯ ಮೇಲೆ ಅಲ್ಲಲ್ಲಿ ಹಳೆ ಗಾರೆ ಅಂಟಿಕೊಂಡಿದೆ. ಅಂದರೆ ಆಗ ಗೋಡೆಗೆ ಗಾರೆ ಬಳಿದಿದ್ದರು, ವಿಲ್‌ಫ್ರಿಡ್‌ನ ಕಾಲದ ಭಕ್ತರು ಆ ಕೆತ್ತನೆ ನೋಡಿರಲಾರರು. ಹಾಗಾಗಿ ಆ ಕಲ್ಲುಗಳ ಎರಡನೇ ಗುರುತಿನಲ್ಲಿ ನಾನು ಅಲಂಕಾರ ಎಂದು ಬರೆಯಲಿಲ್ಲ. ಗೋಡೆಗಲ್ಲು ಎಂದಷ್ಟೇ ಬರೆದು, ಗಾರೆ ಉಳಿದಿರುವ ಜಾಗಗಳನ್ನು ಬೇರೆ ಬಣ್ಣದಲ್ಲಿ ತುಂಬಿದೆ.